ಹೊಸ ರೈತರ ಜೊತೆ ಒಂದು ಶೇಂಗಾ ಹಂಗಾಮು: ಚಳ್ಳಕೆರೆ ಸೀಮೆಯ ನನ್ನ ಅನುಭವ

ಬೇಸಾಯಕ್ಕೆ ಹೊಸದಾಗಿ ಇಳಿಯುವವರು ನನ್ನ ಬಳಿ ಮೊದಲು ಕೇಳುವುದು ಬೋರ್‌ವೆಲ್ ಬಗ್ಗೆ. ಎಷ್ಟು ಅಡಿ ಕೊರೆಸಬೇಕು, ಸಾಲ ಎಲ್ಲಿ ಸಿಗುತ್ತದೆ, ಅಡಿಕೆ ಇಡಬಹುದೇ ಎಂದು ವಿಚಾರಿಸುತ್ತಾರೆ. ಮೊದಲ ವರ್ಷ ಒಂದು ಎಕರೆ ಸಾಕು, ಮಳೆಯಲ್ಲೇ ಬೆಳೆಯಿರಿ, ಸಾಲ ಬೇಡ ಎಂದು ನಾನು ಹೇಳುತ್ತೇನೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಒಂದು. ಬತ್ತಿದ ಕೊಳವೆಬಾವಿಯ ಸಾಲ ತೀರಿಸಲು ಮತ್ತೆ ಬೆಂಗಳೂರಿನ ಬಸ್ ಹತ್ತಿದ ಹುಡುಗರನ್ನು ಕಂಡು ನನಗೆ ಸಂಕಟವಾಗಿದೆ. ಹೊಲದ ಪರಿಚಯವಾಗುವ ಮೊದಲೇ ಅವರ ಮೇಲೆ ಬಡ್ಡಿ ಏರಿ ಕುಳಿತಿತ್ತು.

ನಮ್ಮದು ಕೆಂಪು ಮಣ್ಣಿನ ಖುಷ್ಕಿ ಹೊಲ, ಅಂದರೆ ಮಳೆಯನ್ನೇ ನಂಬಿದ್ದು. ಶೇಂಗಾ, ಅದರ ನಡುವೆ ತೊಗರಿಯ ಅಕ್ಕಡಿ ಸಾಲು, ಇನ್ನೊಂದು ಪಟ್ಟಿಯಲ್ಲಿ ನವಣೆ ಅಥವಾ ಸಾವೆ. ರಾಸಾಯನಿಕ ಗೊಬ್ಬರ ಬಿಟ್ಟು ಬಹಳ ಕಾಲವಾಯಿತು. ಊರಿಗೆ ಮರಳಿದ ಯುವಕರು, ಗಂಡನ ಹೊಲವನ್ನು ಒಬ್ಬರೇ ನೋಡಿಕೊಳ್ಳಬೇಕಾದ ಹೆಣ್ಣುಮಕ್ಕಳು ಏನಾದರೂ ಕೇಳಿಕೊಂಡು ಮನೆಗೆ ಬರುತ್ತಿದ್ದರು. ಮನೆಯಲ್ಲಿ ಕುಳಿತು ಕೊಟ್ಟ ಉತ್ತರ ಹೊಲದಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂದು ಬೇಗ ತಿಳಿಯಿತು. ಹಾಗಾಗಿ ಎತ್ತು ಹೂಡದ ಸೋಮವಾರ ಬೆಳಿಗ್ಗೆ ಒಬ್ಬೊಬ್ಬರ ಹೊಲದಲ್ಲಿ ಸೇರುವ ಪದ್ಧತಿ ಮಾಡಿಕೊಂಡೆವು. ಬೆಳೆ ಯಾವ ಹಂತದಲ್ಲಿದೆಯೋ ಆ ವಾರದ ಪಾಠ ಅಷ್ಟೇ. ಕೃಷಿ ಇಲಾಖೆಯವರು ನಡೆಸುವ ರೈತ ಕ್ಷೇತ್ರ ಪಾಠಶಾಲೆಯ ಕ್ರಮವೂ ಇದೇ; 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಅದು ಆರಂಭವಾಯಿತು. ಸಭಾಂಗಣದಲ್ಲಿ ಒಂದು ದಿನ ಕೂರಿಸಿ ಇಡೀ ವರ್ಷದ ಬೇಸಾಯ ಹೇಳಿದರೆ ಬಿತ್ತನೆಯ ಹೊತ್ತಿಗೆ ಅದರಲ್ಲಿ ಏನೂ ನೆನಪಿರುವುದಿಲ್ಲ.

ಬೇಸಿಗೆಯಲ್ಲಿ ಮೊದಲ ಕೆಲಸ ಕಾಗದ ಪತ್ರದ್ದು. ಇದನ್ನು ಯಾರೂ ಕೃಷಿ ಪಾಠವೆಂದು ಎಣಿಸುವುದಿಲ್ಲ. ಆದರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊಮ್ಮಗನಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸುವುದೇ ಕಷ್ಟ. ಅದಿಲ್ಲದೆ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬೀಜ ಸಿಗುವುದಿಲ್ಲ, ಬೆಳೆ ವಿಮೆಗೂ ತೊಡಕು. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಕೊಡುವುದು, ವಂಶವೃಕ್ಷ ಮಾಡಿಸುವುದು, ಅಣ್ಣತಮ್ಮಂದಿರನ್ನು ಕೂರಿಸಿ ಒಪ್ಪಿಸುವುದು, ಇದೆಲ್ಲ ಬಿಡುವಿರುವ ಬೇಸಿಗೆಯಲ್ಲೇ ಆಗಬೇಕು. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಬಿಗಿಯಾದ ಗಂಟು. ಹೊಲದ ಕೆಲಸವೆಲ್ಲ ಅವರದು, ಪಹಣಿಯಲ್ಲಿ ಅವರ ಹೆಸರಿಲ್ಲ; ಹೆಸರಿಲ್ಲದ ಕಾರಣಕ್ಕೆ ತರಬೇತಿಗೂ ಕರೆ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ. ಕುಂಟೆಯ ಹಿಂದೆ ಯಾರು ನಡೆಯುತ್ತಾರೋ ಅವರೇ ಬರಲಿ ಎನ್ನುತ್ತೇವೆ.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೋಡಿ, ಗುಂಡಿಯ ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದುಕೊಳ್ಳಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಡಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತೆಗೆಯುತ್ತಾ ಅರ್ಧ ಕಿಲೋಗೆ ಇಳಿಸಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲ್ಲರೂ ಒಟ್ಟಿಗೆ ಹೋಗುತ್ತೇವೆ. ಒಮ್ಮೆ ವಿಜ್ಞಾನಿಗಳ ಮುಖ ಪರಿಚಯವಾದರೆ ಮುಂದೆ ರೋಗ ಬಂದ ಎಲೆ ಹಿಡಿದುಕೊಂಡು ಒಬ್ಬರೇ ಹೋಗಲು ಸಂಕೋಚ ಇರುವುದಿಲ್ಲ.

ಗೊಬ್ಬರಕ್ಕೆ ನಮ್ಮ ಸೀಮೆಯ ಭಾಗ್ಯವೆಂದರೆ ಕುರಿ. ಹೊಲದಲ್ಲಿ ಕುರಿ ತರುಬಿಸುವುದಕ್ಕಿಂತ, ಅಂದರೆ ರಾತ್ರಿ ಮಂದೆಯನ್ನು ಹೊಲದಲ್ಲೇ ಕೂಡಿಹಾಕುವುದಕ್ಕಿಂತ, ಒಳ್ಳೆಯ ಗೊಬ್ಬರ ಬಡ ಹೊಲಕ್ಕೆ ನನಗೆ ಗೊತ್ತಿಲ್ಲ. ತೊಂದರೆ ಏನೆಂದರೆ, ಒಂದೇ ಎಕರೆಗೆ ದೊಡ್ಡ ಮಂದೆಯವರು ಬರಲು ಒಪ್ಪುವುದಿಲ್ಲ. "ಅಕ್ಕ, ಒಂದು ರಾತ್ರಿಗೆ ಬೇಲಿ ಕಟ್ಟಿ ಬಿಚ್ಚುವುದು ನಮಗೆ ಗಿಟ್ಟುವುದಿಲ್ಲ" ಎಂದು ಮಂದೆಯ ಹಿರಿಯರೊಬ್ಬರು ನೇರವಾಗಿಯೇ ಹೇಳಿದರು. ಅವರ ಮಾತು ನ್ಯಾಯವಾದದ್ದು. ಆಮೇಲೆ ಅಕ್ಕಪಕ್ಕದ ಹೊಸಬರು ಮತ್ತು ಹಳಬರು ಸೇರಿ ಸಾಲಾಗಿ ಹೊಲ ಕೊಟ್ಟೆವು. ಮಂದೆ ಒಂದು ಹೊಲದಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಯಿತು. ಕುರಿ ಎದ್ದ ಜಾಗವನ್ನು ತಡಮಾಡದೆ ತೆಳುವಾಗಿ ಕುಂಟೆ ಹೊಡೆದು ಮಣ್ಣಿಗೆ ಬೆರೆಸಬೇಕು. ಬಿಸಿಲಿಗೆ ಬಿಟ್ಟರೆ ಗಂಜಲದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಬೀಜ ಶೇಂಗಾ ಬೆಳೆಯ ದೊಡ್ಡ ಖರ್ಚು. ಕಾಯಿಯನ್ನೇ ತಂದು ಬಿತ್ತನೆ ಹತ್ತಿರವಾದಾಗ ಮನೆಯಲ್ಲಿ ಕೈಯಿಂದ ಸುಲಿಯುತ್ತೇವೆ, ಏಕೆಂದರೆ ಸುಲಿದಿಟ್ಟ ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ನೂರು ಬೀಜ ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಮೊಳಕೆ ನೋಡುವುದು ಕಡ್ಡಾಯ. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತುವುದಿಲ್ಲ. ಬುಡಕೊಳೆ ರೋಗ ತಡೆಯಲು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಹಚ್ಚಿ ನೆರಳಲ್ಲಿ ಆರಿಸುತ್ತೇವೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಬರುವುದು ನಿಜವಾಗಿ ಕಷ್ಟದ ಪಾಠ, ಕಾಯುವುದು. ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದ ಕೂಡಲೇ ಹೊಸಬರ ಕೈಕಾಲು ನಿಲ್ಲುವುದಿಲ್ಲ. ಪಕ್ಕದ ಹೊಲದಲ್ಲಿ ಕೂರಿಗೆ ಹೂಡಿದ್ದನ್ನು ಕಂಡರಂತೂ ರಾತ್ರಿಯೆಲ್ಲ ಫೋನ್ ಬರುತ್ತದೆ. ಆಗ ಗುದ್ದಲಿ ಹಿಡಿದು ಅವರ ಹೊಲಕ್ಕೇ ಹೋಗಿ ಅಗೆದು ತೋರಿಸುತ್ತೇನೆ. ತೇವ ಗೇಣುದ್ದವಾದರೂ ಇಳಿದಿರಬೇಕು. ಹಿಡಿ ಮಣ್ಣನ್ನು ಅದುಮಿದರೆ ಉಂಡೆಯಾಗಬೇಕು, ಕೈಯಿಂದ ಕೆಳಗೆ ಬಿಟ್ಟರೆ ಒಡೆಯಬೇಕು. ಮೇಲೆರಡು ಬೆರಳು ಒದ್ದೆ, ಕೆಳಗೆ ಒಣ ಎಂದಾದರೆ ಮೊಳಕೆ ಮೇಲೆದ್ದು ಬಾಡುತ್ತದೆ, ಮತ್ತೆ ಬೀಜ ಕೊಳ್ಳಬೇಕಾಗುತ್ತದೆ. ನಮ್ಮ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಯಲ್ಲಿ ಹದ ನೋಡಿ ಬಿತ್ತಿದರೆ ಕಾಯಿ ಬಲಿಯುವ ಹೊತ್ತಿಗೆ ಉತ್ತರೆ, ಹಸ್ತದ ಮಳೆ ಸಿಗುವ ಅವಕಾಶ ಹೆಚ್ಚು. ಹಾಗೆಂದು ನಕ್ಷತ್ರವನ್ನೇ ನಂಬಿ ಕೂರುವುದಿಲ್ಲ. ಪ್ರತಿಯೊಬ್ಬರೂ ಹೊಲದಲ್ಲಿ ಮಳೆಮಾಪಕ ಇಟ್ಟು ಬರೆದಿಡುತ್ತಾರೆ, ಮೊಬೈಲಿನಲ್ಲಿ ಹವಾಮಾನ ತಿಳಿಸುವ ಮೇಘದೂತ್ ಆ್ಯಪ್ ನೋಡುತ್ತಾರೆ. ಊರಿನ ಒಂದು ದಿಕ್ಕಿಗೆ ಸುರಿದು ಇನ್ನೊಂದು ದಿಕ್ಕಿಗೆ ಹನಿಯೂ ಬೀಳದ ನಮ್ಮ ಮಳೆಗೆ ಸ್ವಂತ ಅಳತೆಯೇ ಗತಿ.

ಬಿತ್ತಿದ ಮೇಲೆ ಸೋಮವಾರದ ನಡಿಗೆ ತಪ್ಪಿಸುವಂತಿಲ್ಲ. ಹುಳು ಕಂಡ ಕೂಡಲೇ ಅಂಗಡಿಗೆ ಓಡಿ ಕೇಳಿದ ಔಷಧಿ ತಂದು ಹೊಡೆಯುವ ಅಭ್ಯಾಸ ಹೊಸಬರನ್ನು ಬೇಗ ಮುಳುಗಿಸುತ್ತದೆ. ಮೊದಲು ಗಿಡ ಎಣಿಸಿ, ಎಲೆ ಮಗುಚಿ, ತಿನ್ನುವ ಹುಳು ಎಷ್ಟು, ಅದನ್ನು ಹಿಡಿಯುವ ಗುಲಗಂಜಿ ಹುಳು, ಜೇಡ ಎಷ್ಟು ಎಂದು ಬರೆಯುತ್ತೇವೆ. ಹೊಲದ ಅಂಚಿಗೆ ಹರಳು (ಔಡಲ) ಗಿಡ ಹಾಕಿಸಿರುತ್ತೇವೆ. ಎಲೆ ತಿನ್ನುವ ಹುಳುವಿನ ಪತಂಗ ಅದರ ಅಗಲ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಆ ಎಲೆ ಕಿತ್ತು ನಾಶಮಾಡಿದರೆ ಎಷ್ಟೋ ಸಲ ಸಿಂಪಡಣೆಯೇ ಬೇಡ. ಬೇಕಾದರೆ ಬೇವಿನ ಬೀಜದ ಕಷಾಯ: 5 ಕಿಲೋ ಒಣಬೀಜ ಕುಟ್ಟಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಹೊಡೆಯುವುದು.

ಮಳೆ ಕೈಕೊಟ್ಟ ವಾರಗಳಲ್ಲಿ ಹೊಸಬರ ಮುಖ ನೋಡಲಾಗುವುದಿಲ್ಲ. ಆ ಸಮಯದಲ್ಲಿ ಸಮಾಧಾನದ ಮಾತಿಗಿಂತ ಕೆಲಸ ಕೊಡುವುದೇ ವಾಸಿ. ಸಾಲುಗಳ ನಡುವೆ ಎಡೆಕುಂಟೆ ಹೊಡೆಸುತ್ತೇವೆ; ಮೇಲ್ಮಣ್ಣು ಪುಡಿಯಾಗಿ ಬಿರುಕು ಮುಚ್ಚಿ ಕೆಳಗಿನ ತೇವ ಉಳಿಯುತ್ತದೆ, ಕಳೆಯೂ ಹೋಗುತ್ತದೆ. ಹೂ ಬಂದ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟು ಬುಡಕ್ಕೆ ಮಣ್ಣು ಏರಿಸುತ್ತೇವೆ. ಕಾಯಿ ತುಂಬಲು ಬೇಕಾದ ಸುಣ್ಣದಂಶವನ್ನು ಶೇಂಗಾ ತನ್ನ ಕಾಯಿಯ ಸಿಪ್ಪೆಯ ಮೂಲಕವೇ ಮಣ್ಣಿನಿಂದ ಹೀರಿಕೊಳ್ಳುತ್ತದೆ, ಆದ್ದರಿಂದ ಅದು ಬುಡದಲ್ಲೇ ಇರಬೇಕು. ಊಡು (ಹೂವಿನಿಂದ ಹೊರಟು ಮಣ್ಣಿನಲ್ಲಿ ಕಾಯಿಯಾಗುವ ಎಳೆ) ಮಣ್ಣಿಗಿಳಿದ ಮೇಲೆ ಹೊಲದೊಳಗೆ ಕುಂಟೆ ಆಡಿಸಬಾರದು.

ಕೊಯ್ಲಾದ ಮೇಲೆ ಪ್ರತಿಯೊಬ್ಬರ ಲೆಕ್ಕದ ಪುಸ್ತಕವನ್ನು ಗುಂಪಿನಲ್ಲಿ ಬಿಚ್ಚಿ ಓದುತ್ತೇವೆ. ಮನೆಯವರ ಕೂಲಿಯನ್ನೂ ಬರೆದಿರಬೇಕು ಎಂಬುದು ನನ್ನ ಹಟ. ತಾಯಿ, ಹೆಂಡತಿ ಕಳೆ ತೆಗೆದದ್ದನ್ನು ಪುಕ್ಕಟೆ ಎಂದು ಬಿಟ್ಟರೆ ಲಾಭವೆಂದು ಕಾಣುವುದು ಅವರ ಬೆವರೇ. ಶೇಂಗಾ ಹೊಟ್ಟು ದನಕುರಿಗೆ ಒಳ್ಳೆಯ ಮೇವು, ಅದಕ್ಕೂ ಬೆಲೆ ಕಟ್ಟಿ ಬರೆಯುತ್ತೇವೆ. ಶೇಂಗಾ ಕಿತ್ತ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತದೆ. ಅದು ಬಂದಾಗಲೇ ವರ್ಷದ ಲೆಕ್ಕ ಮುಗಿಯುವುದು. ಕೆಲವರ ಲೆಕ್ಕದಲ್ಲಿ ಉಳಿದದ್ದು ಬಹಳ ಕಡಿಮೆ. ಅಂಥವರಿಗೆ ಎರಡನೆಯ ವರ್ಷವೂ ಹೊರಗಿನ ಸಂಪಾದನೆ ಬಿಡಬೇಡಿ, ನಾಲ್ಕು ಕುರಿ ಸಾಕಿ, ಆಮೇಲೆ ಎಕರೆ ಹೆಚ್ಚಿಸಿ ಎನ್ನುತ್ತೇನೆ.

ಬೀಜಕ್ಕೆಂದು ಒಳ್ಳೆಯ ಗಿಡಗಳನ್ನು ಕೀಳುವಾಗಲೇ ಬೇರೆ ಇಡಿಸುತ್ತೇವೆ. ಅಲುಗಿಸಿದರೆ ಒಳಗೆ ಸದ್ದು ಮಾಡುವಷ್ಟು ಕಾಯಿ ಒಣಗಿರಬೇಕು; ತೇವ ಉಳಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಹೀಗೆ ಇಟ್ಟ ಕಾಯಿಯಿಂದ ಹಳಬರು ಮುಂದಿನ ಬಾರಿಯ ಹೊಸಬರಿಗೆ ಒಂದು ಎಕರೆಯ ಬೀಜ ಕೊಡುತ್ತಾರೆ. ಅವರು ತಮ್ಮ ಬೆಳೆ ಬಂದಾಗ ಅಷ್ಟೇ ತೂಕದ ಕಾಯಿ ಹಿಂದಿರುಗಿಸಬೇಕು, ಬಡ್ಡಿ ಇಲ್ಲ. ಬೆಳೆ ಹೋದ ವರ್ಷವಾದರೆ ಅದರ ಮುಂದಿನ ವರ್ಷ ಕೊಟ್ಟರಾಯಿತು.