ಗೊಜ್ಜಾಮಿನಲ್ಲಿ ನಾನೇ ಪರಂಗಿ

ಬಸ್ಸಿಳಿದು ಟ್ರಂಕು ನೆಲಕ್ಕಿಡುವ ಮುಂಚೆಯೇ ನಾಲ್ಕೈದು ಮಕ್ಕಳು "ಫೆರೆಂಜಿ, ಫೆರೆಂಜಿ" ಎಂದು ಕೂಗುತ್ತಾ ಹಿಂದೆ ಬಿದ್ದವು. ಎಲ್ಲೋ ಕೇಳಿದ ಪದ ಅನ್ನಿಸಿತು. ನಮ್ಮಜ್ಜಿ ಬಿಳಿಯರನ್ನು 'ಪರಂಗಿಯವರು' ಅನ್ನುತ್ತಿದ್ದಳಲ್ಲ, ಅದೇ ಇದು. ಪರಂಗಿ ಹಣ್ಣಿನ ಪರಂಗಿ. ತುಮಕೂರು ಸೀಮೆಯ ಗಣಿತದ ಮೇಷ್ಟ್ರು ಒಂದೇ ದಿನದಲ್ಲಿ ಪರಂಗಿ ಆಗಿಬಿಟ್ಟಿದ್ದೆ.

ಅದು 2006ರ ಸೆಪ್ಟೆಂಬರ್. ಇಥಿಯೋಪಿಯಾದ ಪಶ್ಚಿಮ ಗೊಜ್ಜಾಮ್. ಆಡಿಸ್ ಅಬಾಬದಿಂದ ಬಹಿರ್ ದಾರ್‌ಗೆ ಹೋಗುವ ದಾರಿಯಲ್ಲಿ ನೀಲಿ ನೈಲ್ ನದಿಯ ಕಣಿವೆ ಇಳಿದು ಹತ್ತಿದ ಮೇಲೆ ಸಿಗುವ ಪುಟ್ಟ ಊರು. ಆ ನದಿಯನ್ನು ಅಲ್ಲಿಯವರು ಅಬಾಯ್ ಅನ್ನುತ್ತಾರೆ. ಎರಡು ವರ್ಷದ ಕರಾರಿನ ಮೇಲೆ ಹೈಸ್ಕೂಲಿಗೆ ಹೋಗಿದ್ದೆ. ಆಫ್ರಿಕಾ ಅಂದ್ರೆ ಬೆಂಕಿ ಬಿಸಿಲು ಅಂದುಕೊಂಡು ಸ್ವೆಟರ್ ಒಯ್ದಿರಲಿಲ್ಲ. ಸುಮಾರು 2,000 ಮೀಟರ್ ಎತ್ತರದ ಜಾಗ ಅದು. ಮೊದಲ ರಾತ್ರಿ ಲುಂಗಿ, ಟವೆಲ್ಲು, ಇದ್ದಬದ್ದ ಅಂಗಿ ಎಲ್ಲ ಹೊದ್ದು ಮಲಗಿದೆ.

ಕೆಲಸಕ್ಕೆ ಸೇರಿದ ಕಾಗದದಲ್ಲಿ ಇಸವಿ 1999 ಅಂತ ಬರೆದಿತ್ತು. ತಪ್ಪಾಗಿದೆ ಎಂದು ಗುಮಾಸ್ತರಿಗೆ ತೋರಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಅವರ ಲೆಕ್ಕ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. 30 ದಿನದ 12 ತಿಂಗಳು, ಕೊನೆಗೆ ಐದೋ ಆರೋ ದಿನದ 13ನೇ ತಿಂಗಳು. ಅದರ ಹೆಸರು ಪಗುಮೆ. ಆ ಪುಟ್ಟ ತಿಂಗಳಿಗೆ ಸಂಬಳ ಇಲ್ಲ ಅನ್ನೋದು ಸ್ಟಾಫ್ ರೂಮಿನ ಹಳೇ ಜೋಕು. ಮರುವರ್ಷ, ಅಂದರೆ 2007ರ ಸೆಪ್ಟೆಂಬರ್ 12ಕ್ಕೆ, ಅವರಿಗೆ 2000ನೇ ಇಸವಿ ಹುಟ್ಟಿತು. ಹೊಸ ಸಹಸ್ರಮಾನದ ಹಬ್ಬವನ್ನು ನಾನು ಎರಡು ಸಲ ಮಾಡಿದ್ದೇನೆ.

ಗಡಿಯಾರದ ಕಥೆ ಬೇರೆ. "ನಾಳೆ ಎರಡು ಗಂಟೆಗೆ ಬನ್ನಿ, ಮಕ್ಕಳಿಗೆ ಪರಿಚಯ ಮಾಡಿಸೋಣ" ಎಂದಿದ್ದರು ಹೆಡ್‌ಮಾಸ್ಟರು. ಸ್ನಾನ ಮಾಡಿ, ಊಟ ಮುಗಿಸಿ, ಅಂಗಿಗೆ ಇಸ್ತ್ರಿ ಹಾಕಿ, ಮಧ್ಯಾಹ್ನ ಕಾಲು ಗಂಟೆ ಮುಂಚೆಯೇ ಗೇಟಿನಲ್ಲಿ ನಿಂತೆ. ಅವರು ಬೆಳಿಗ್ಗೆ ಎಂಟಕ್ಕೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಾದು ಕಾದು ಕಳಿಸಿಬಿಟ್ಟಿದ್ದರು! ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. ಯೋಚನೆ ಮಾಡಿದರೆ ನಮ್ಮ ಪಂಚಾಂಗದ ಘಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ಅಲ್ವಾ? ಆವತ್ತಿನಿಂದ ಯಾರು ಹೊತ್ತು ಹೇಳಿದರೂ "ಹಬೆಶಾನೋ ಫೆರೆಂಜಿಯೋ" ಎಂದು ಕೇಳಿಕೊಳ್ಳುವುದು ರೂಢಿಯಾಯಿತು. ಹಬೆಶಾ ಅಂದರೆ ಅವರು. ಅವರವರಲ್ಲೇ ಗೊಂದಲವಾದಾಗ ಹೀಗೇ ಕೇಳಿಕೊಳ್ಳುತ್ತಾರೆ.

ಇವೆಲ್ಲ ಅಲ್ಲಿಗೆ ಹೋದ ಒಂದು ವಾರದೊಳಗೇ ಗೊತ್ತಾಗುವ ವಿಷಯ. ನನ್ನನ್ನು ನಿಜವಾಗಿ ಕೆಡವಿದ್ದು ಕ್ಲಾಸು.

ಒಂದು ಕೋಣೆಯಲ್ಲಿ 74 ಮಕ್ಕಳು. ಎಂಟನೇ ಕ್ಲಾಸಿನವರೆಗೆ ಅವರ ಭಾಷೆ ಅಮ್ಹಾರಿಕ್‌ನಲ್ಲಿ ಓದಿ, ಒಂಬತ್ತಕ್ಕೆ ದಿಢೀರನೆ ಇಂಗ್ಲಿಷಿಗೆ ಬಿದ್ದವರು. ನಮ್ಮ ಹಳ್ಳಿ ಮಕ್ಕಳ ಪಾಡೇ. "ಅರ್ಥವಾಯಿತಾ?" ಎಂದು ಮುಂದಿನ ಬೆಂಚಿನ ಹುಡುಗನನ್ನು ಕೇಳಿದೆ. ಅವನು ಹುಬ್ಬು ಮೇಲೇರಿಸಿ, ಹಾವು ಕಂಡವನ ಹಾಗೆ ಸರಕ್ಕನೆ ಉಸಿರೆಳೆದುಕೊಂಡ. ಗಾಬರಿಯಾದನೇನೋ ಎಂದು ಮೊದಲಿನಿಂದ ಹೇಳಿಕೊಟ್ಟೆ. ಮತ್ತೆ ಕೇಳಿದೆ. ಮತ್ತೆ ಸರಕ್. ಮೂರನೇ ಸಲ ಹೇಳಿಕೊಡುವಷ್ಟರಲ್ಲಿ ಕ್ಲಾಸಿಗೆ ಕ್ಲಾಸೇ ಆಕಳಿಸುತ್ತಿತ್ತು. ಆ ಉಸಿರಿಗೆ "ಹೂಂ" ಎಂದು ಅರ್ಥ, ಅಷ್ಟೇ.

ನನ್ನ "ಹೂಂ" ಅವರನ್ನು ಇನ್ನೂ ಜಾಸ್ತಿ ಕಾಡಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬೋರ್ಡಿಗೆ ಬಂದು ವರ್ಗಸಮೀಕರಣ ಬಿಡಿಸುತ್ತಿದ್ದಳು. ಅಪವರ್ತನ ಸರಿಯಾಗಿತ್ತು. ನಾನು ಖುಷಿಯಿಂದ ನಮ್ಮ ಕಡೆಯ ಹಾಗೆ ತಲೆಯನ್ನು ಆಚೆ ಈಚೆ ತೂಗಿದೆ. ನನ್ನನ್ನೇ ನೋಡುತ್ತಿದ್ದ ಅವಳು ಅಂಗೈಯಿಂದ ಆ ಸಾಲನ್ನು ಉಜ್ಜಿ ಅಳಿಸಿದಳು. ಬೇರೆ ಬರೆದಳು, ಅದು ತಪ್ಪು. ನಾನು ಸುಮ್ನೆ ನಿಂತೆ. ಅದನ್ನೂ ಅಳಿಸಿ ಮೊದಲಿನದನ್ನೇ ಬರೆದಳು. ನನ್ನ ತಲೆ ಮತ್ತೆ ತೂಗಿತು. ಮತ್ತೆ ಅಳಿಸಿದಳು. ಕಣ್ಣಲ್ಲಿ ನೀರು ಬಂದಿತ್ತು. ಆಗ ನನಗೆ ಹೊಳೆಯಿತು. ಅವಳ ಪಾಲಿಗೆ ನಾನು ಆಗಿನಿಂದಲೂ "ಅಲ್ಲ, ಅಲ್ಲ" ಅನ್ನುತ್ತಿದ್ದೆ.

ಆಮೇಲೆ ಕ್ಲಾಸಿನಲ್ಲಿ ತಲೆ ಅಲ್ಲಾಡಿಸುವುದನ್ನೇ ಬಿಟ್ಟೆ. ಸರಿ ಇದ್ದರೆ "ಗೊಬೆಜ್" ಎಂದು ಬಾಯಿಬಿಟ್ಟು ಹೇಳುತ್ತಿದ್ದೆ, ಅಂದರೆ ಭೇಷ್. "ಅರ್ಥವಾಯಿತಾ" ಅನ್ನುವುದನ್ನೂ ಬಿಟ್ಟೆ. ಬದಲಿಗೆ ಒಂದು ಸಣ್ಣ ಲೆಕ್ಕ ಕೊಟ್ಟು, ಉತ್ತರವನ್ನು ಬೆರಳಲ್ಲಿ ತೋರಿಸಿ ಅನ್ನುತ್ತಿದ್ದೆ. 74 ಕೈಗಳು ಒಟ್ಟಿಗೆ ಎದ್ದರೆ ಎಷ್ಟು ಜನರಿಗೆ ತಲೆಗೆ ಹೋಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಉತ್ತರ ಹತ್ತರೊಳಗೇ ಬರುವ ಲೆಕ್ಕ ಹುಡುಕುವುದು ಮಾತ್ರ ರಾತ್ರಿಯ ಕೆಲಸವಾಯಿತು.

ಇನ್ನೊಂದು ಬೆರಗು, 'ಪ್ಲಾಸ್ಮಾ'. 2004ರ ಸುಮಾರಿಗೆ ಅಲ್ಲಿನ ಸರ್ಕಾರ ಹೈಸ್ಕೂಲು ಕ್ಲಾಸುಗಳಿಗೆ ದೊಡ್ಡ ಟೀವಿ ಹಾಕಿಸಿ, ಉಪಗ್ರಹದ ಮೂಲಕ ಪಾಠ ಕಳಿಸುತ್ತಿತ್ತು. ಮೇಷ್ಟ್ರಿಗೆ ಶುರುವಿನಲ್ಲಿ ಕೆಲವು ನಿಮಿಷ, ಕೊನೆಯಲ್ಲಿ ಕೆಲವು ನಿಮಿಷ. ನಡುವೆಲ್ಲ ಟೀವಿಯೊಳಗಿನ ಮೇಷ್ಟ್ರದೇ ಓಟ. ಮಕ್ಕಳು ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲಿ ಉತ್ತರ ಬಂದು ಹೋಗುತ್ತಿತ್ತು. ಕರೆಂಟು ಹೋದರೆ ನನಗೆ ಒಳಗೊಳಗೇ ಖುಷಿ.

ಹಾಜರಿ ಕೂಗುವಾಗ ಮೊದಮೊದಲು ಎರಡನೇ ಹೆಸರು ಹಿಡಿದು ಕರೆಯುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದರು. ಅಲ್ಲಿ ಮನೆತನದ ಹೆಸರು ಅಂತ ಇಲ್ಲ. ಮುಂದಿನದು ತನ್ನದು, ಹಿಂದಿನದು ಅಪ್ಪನದು. ನಾನು ಬೆಳಗ್ಗೆಯೆಲ್ಲ ಅವರ ಅಪ್ಪಂದಿರ ಹಾಜರಿ ತೆಗೆದುಕೊಂಡಿದ್ದೆ. ಓಟಗಾರ ಹೈಲೆ ಗೆಬ್ರಸೆಲಾಸಿ 2007ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 4 ನಿಮಿಷ 26 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿ ದಾಖಲೆ ಮಾಡಿದಾಗ ನಾನು "ಗೆಬ್ರಸೆಲಾಸಿ ಗೆದ್ದ" ಎಂದೆ. "ಓಡಿದ್ದು ಹೈಲೆ, ಅವರಪ್ಪ ಅಲ್ಲ" ಎಂದರು ಭೌತಶಾಸ್ತ್ರದ ಮೇಷ್ಟ್ರು.

ಊಟಕ್ಕೆ ಬರುತ್ತೇನೆ. ನಾನಿದ್ದ ಕೋಣೆಯ ಯಜಮಾನಿ ವಯಸ್ಸಾದವರು. ಎಲ್ಲರ ಹಾಗೆ ನಾನೂ 'ಎಮಾಮ' ಅನ್ನುತ್ತಿದ್ದೆ. ನಮ್ಮ 'ಅಮ್ಮ'ನಿಗೆ ಎಷ್ಟು ಹತ್ತಿರ ನೋಡಿ. ಒಂದು ದೊಡ್ಡ ತಟ್ಟೆಯಲ್ಲಿ ಇಂಜೆರಾ, ಅದರ ಮೇಲೆ ಬೇಳೆ, ಸೊಪ್ಪು. ಹುಳಿ ಬಂದ ದೋಸೆಯ ಹಾಗಿರುತ್ತದೆ ಇಂಜೆರಾ. ಎಲ್ಲರೂ ಅದೇ ತಟ್ಟೆಗೆ ಕೈ ಹಾಕಬೇಕು. ಎಂಜಲು ಎಂಜಲು ಎಂದು ಕೇಳುತ್ತಾ ಬೆಳೆದವನು ನಾನು. ಗಂಟಲು ಕಟ್ಟಿತು. ಅಷ್ಟರಲ್ಲಿ ಎಮಾಮ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ತಂದರು. ಅದಕ್ಕೆ 'ಗುರ್ಶಾ' ಅಂತಾರೆ. ಬೇಡ ಅನ್ನುವ ಹಾಗಿಲ್ಲ, ಒಂದಕ್ಕೇ ನಿಲ್ಲಿಸುವ ಹಾಗೂ ಇಲ್ಲ. ನನಗೆ ಕೈತುತ್ತು ಕೊಟ್ಟ ಕೊನೆಯವರು ನಮ್ಮಮ್ಮ, ನಾನಾಗ ಐದು ವರ್ಷದವನು.

ಸಸ್ಯಾಹಾರಿಗೆ ಅಲ್ಲಿ ಕಷ್ಟವಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚೆ 55 ದಿನ ಉಪವಾಸ. ಆಗೆಲ್ಲ ನನಗೆ ಹಬ್ಬ. ಆದರೆ ಒಂದು ಶುಕ್ರವಾರ ಹೋಟೆಲಿನಲ್ಲಿ ಮೊಸರು ಕೇಳಿಬಿಟ್ಟೆ. ಸಪ್ಲೈಯರ್ ಹುಡುಗ ಮುಖ ಸಿಂಡರಿಸಿದ. ಆಮೇಲೆ, ಈಸ್ಟರ್ ಕಳೆದ 50 ದಿನ ಯಾರೂ ಉಪವಾಸ ಮಾಡದ ಕಾಲದಲ್ಲಿ, ಉಪವಾಸದ ಊಟ ಕೊಡಿ ಎಂದೆ. ಈ ಮೇಷ್ಟ್ರು ಯಾವುದೋ ದೊಡ್ಡ ಪಾಪ ಕಳೆದುಕೊಳ್ಳುತ್ತಿದ್ದಾರೆ ಎಂದು ಊರಲ್ಲಿ ಸುದ್ದಿಯಾಯಿತು.

ಶನಿವಾರದ ಸಂತೆಯಲ್ಲಿ ಮಾತ್ರ ನಾನು ಸುಮ್ಮನೆ ನಿಂತುಬಿಟ್ಟೆ. ಗೋಣಿ ತುಂಬ ರಾಗಿ! ಪಕ್ಕದಲ್ಲೇ ಹುಚ್ಚೆಳ್ಳು. ಅವರು ರಾಗಿಗೆ ದಾಗುಸಾ, ಹುಚ್ಚೆಳ್ಳಿಗೆ ನೂಗ್ ಅನ್ನುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ ಎಂದು ಓದಿದ್ದೆ, ಆದರೆ ಓದುವುದು ಬೇರೆ, ಕೈ ಹಾಕಿ ನೋಡುವುದು ಬೇರೆ. ಎರಡು ಕಿಲೋ ತಂದೆ. ಎಮಾಮ ಚೀಲ ಬಿಚ್ಚಿ ನೋಡಿ, "ಮೇಷ್ಟ್ರೇ, ತೆಲ್ಲಾ ಇಳಿಸ್ತೀರಾ?" ಎಂದರು. ತೆಲ್ಲಾ ಅಂದರೆ ಮನೆಯಲ್ಲಿ ಹುದುಗಿಸುವ ಬಿಯರು. ಅಲ್ಲಲ್ಲ ಎಂದು ಹಿಟ್ಟು ಬೀಸಿಸಿ, ಎಸರಿಟ್ಟು, ಕೋಲಿನಲ್ಲಿ ತಿರುವಿ, ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಿದೆ. ಬಾಗಿಲಲ್ಲಿ ನೋಡುತ್ತಿದ್ದ ಎಮಾಮ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ಯಾರು ಹೆತ್ತರು?" ಎಂದು ಕೇಳಿದರು. ಅಲ್ಲಿ ಗೆಂಫೊ ಎಂಬ ಗಟ್ಟಿ ಅಂಬಲಿಯನ್ನು ಹೀಗೇ ತಿರುವುತ್ತಾರೆ, ನಡುವೆ ಗುಳಿ ಮಾಡಿ ಬೆಣ್ಣೆ, ಖಾರದಪುಡಿ ಹಾಕುತ್ತಾರೆ. ಅದು ಬಾಣಂತಿಯರ ಊಟ. ಆದರೂ ಒಂದು ತುತ್ತು ಮುರಿದು ಮಸಾಲೆ ಬೇಳೆಯಲ್ಲಿ ಅದ್ದಿ ತಿಂದರು. ಅಗಿಯಬಾರದು, ನುಂಗಬೇಕು ಎಂದೆ. ಅದು ಅವರಿಗೆ ಹಿಡಿಸಲಿಲ್ಲ.

2008ರ ಜುಲೈನಲ್ಲಿ ಹೊರಟೆ. ಬಸ್ಸು 11 ಗಂಟೆಗೆ, ಅಂದರೆ ನಮ್ಮ ಬೆಳಗಿನ ಐದಕ್ಕೆ. ಎಮಾಮ ಕತ್ತಲಲ್ಲೇ ಎದ್ದು ಬಂದು ಒಂದು ಗಂಟು ಕೈಗಿಟ್ಟರು. ರಾಗಿ ಹಿಟ್ಟು. ತುಮಕೂರಿಗೆ ರಾಗಿ! ಬೇಡ ಅನ್ನಲು ಬಾಯಿ ಬರಲಿಲ್ಲ. ಅದನ್ನು ಊರವರೆಗೆ ಹೊತ್ತು ತಂದೆ. ನಮ್ಮಮ್ಮ ಮುದ್ದೆ ಮಾಡಿ ಬಡಿಸಿ, ತಾನೂ ಒಂದು ತುತ್ತು ನುಂಗಿ, "ನಮ್ಮದಕ್ಕಿಂತ ಬೀಸಿದ್ದು ಸ್ವಲ್ಪ ತರಿ ಕಣೋ" ಎಂದಳು.