ಅದು ನಾಯಿನಾ, ಮುಂಗುಸಿನಾ? ಹೊಳೆ ದಂಡೆಯಲ್ಲಿ ನೀರುನಾಯಿ ಹುಡುಕಿದ ನನ್ನ ಅನುಭವ

ಗಂಗಾವತಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಟೇಬಲ್ ಗಾಜಿನ ಕೆಳಗೆ ಒಂದು ಫೋಟೋ ಇಟ್ಟಿದ್ದೇನೆ. ಬಂಡೆ ಮೇಲೆ ಐದು ನೀರುನಾಯಿಗಳು, ಮೈಯೆಲ್ಲಾ ಒದ್ದೆ, ಒಂದರ ಬಾಯಲ್ಲಿ ಮೀನು. ಯೂರಿಯಾ ಚೀಲಕ್ಕೆ ದುಡ್ಡು ಎಣಿಸುತ್ತಾ ನಿಂತವರು ಅದನ್ನು ನೋಡಿ ಕೇಳೇ ಕೇಳುತ್ತಾರೆ: ಇದು ನಾಯಿನಾ? ಮುಂಗುಸಿ ಜಾತಿನಾ? ಎಲ್ಲಿ ತೆಗೆದದ್ದು, ನಮ್ಮ ಹೊಳೇಲಾ? ಕಚ್ಚುತ್ತಾ? ಸಾಕಬಹುದಾ? ಎಷ್ಟೋ ಸಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನಾನು ಕಲಿತ ದಾರಿಯನ್ನೂ ಸೇರಿಸಿ.

ನಾಯಿ ಅಲ್ಲ. ಮುಂಗುಸಿಯೂ ಅಲ್ಲ. ಉದ್ದ ಮೈ, ಗಿಡ್ಡ ಕಾಲು ನೋಡಿ ಮುಂಗುಸಿ ಅನ್ನಿಸುವುದು ಸಹಜ. ಆದರೆ ಮುಂಗುಸಿ, ಪುನುಗು ಬೆಕ್ಕು ಎಲ್ಲಾ ಬೆಕ್ಕು, ಕತ್ತೆಕಿರುಬದ ಕಡೆಯ ನೆಂಟರು. ನೀರುನಾಯಿ ನಾಯಿ, ಕರಡಿಗಳ ಕಡೆಯದು, ಅದರೊಳಗೆ ಬೇರೆಯದೇ ಒಂದು ಮನೆತನ. ಹಿಮಾಲಯದ ಕಡೆ ಇರುವ ವೀಸೆಲ್, ಇಂಗ್ಲೆಂಡಿನ ಬ್ಯಾಡ್ಜರ್, ಹೊರದೇಶದಲ್ಲಿ ಮನೇಲಿ ಸಾಕುವ ಫೆರೆಟ್, ನಮ್ಮ ತರಕರಡಿ (ಹನಿ ಬ್ಯಾಡ್ಜರ್), ಕೊಡಗಿನ ಬ್ರಹ್ಮಗಿರಿ ಕಾಡಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟೆನ್, ಇವೆಲ್ಲಾ ಆ ಮನೆಯ ಮಕ್ಕಳೇ. ಬಾಲದ ಬುಡದಲ್ಲಿ ಘಾಟು ವಾಸನೆಯ ಗ್ರಂಥಿ ಇರುವುದು ಈ ಕುಟುಂಬದ ದೊಡ್ಡ ಗುರುತು. ಆ ವಾಸನೆಯೇ ನನಗೆ ದಾರಿ ತೋರಿಸಿದ್ದು.

2015ರಲ್ಲಿ ನಮ್ಮ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದರು. ನೀರುನಾಯಿಗೋಸ್ಕರವೇ ಇಂಥ ಮೀಸಲು ಮಾಡಿದ್ದು ದೇಶದಲ್ಲೇ ಮೊದಲು. ಪೇಪರಲ್ಲಿ ಓದಿದೆ. ಹುಟ್ಟಿದಾಗಿನಿಂದ ಈ ಹೊಳೆ ನೀರು ಕುಡಿದವನು, ಒಂದು ನೀರುನಾಯಿಯನ್ನೂ ನೋಡಿರಲಿಲ್ಲ. ಮುಂದಿನ ವರ್ಷ ಬೇಸಿಗೆಯಲ್ಲಿ ಭಾನುವಾರ ಬೆಳಗ್ಗೆ ಆನೆಗೊಂದಿ ಕಡೆ ಹೋಗುವುದು ಶುರು ಮಾಡಿದೆ. ಬೈನಾಕ್ಯುಲರ್ ಹಾಕಿಕೊಂಡು ನೀರನ್ನೇ ನೋಡುತ್ತಾ ಕೂರುತ್ತಿದ್ದೆ. ನಾಲ್ಕು ತಿಂಗಳು ಏನೂ ಕಾಣಲಿಲ್ಲ. ನೀರುಕಾಗೆ ತಲೆ ಎತ್ತಿದರೂ ಎದೆ ಧಸಕ್ಕೆನ್ನುತ್ತಿತ್ತು, ಅಷ್ಟೇ.

ಅಲ್ಲೊಬ್ಬರು ವಯಸ್ಸಾದ ಅಂಬಿಗರು ಇದ್ದಾರೆ. ಹರಿಗೋಲು ಹಾಕಿ ಮೀನು ಹಿಡಿಯುವವರು. ನಾನು ತಾತ ಅಂತಲೇ ಕರೆಯುವುದು. ಒಂದು ದಿನ ಅವರೇ ಹರಿಗೋಲು ದಡಕ್ಕೆ ತಂದು, "ಸಾವ್ಕಾರ್ರ, ದಿನಾ ನೀರು ನೋಡ್ತೀರಲ್ಲ, ಅದು ನೀರಾಗ ಕಾಣಂಗಿಲ್ಲ. ಮೊದ್ಲು ಅದು ಎಲ್ಲಿ ಹೇತೈತಿ ನೋಡ್ರಿ" ಅಂದರು. ಹತ್ತು ಹೆಜ್ಜೆ ಕರೆದುಕೊಂಡು ಹೋಗಿ ಒಂದು ಚಪ್ಪಟೆ ಬಂಡೆ ತೋರಿಸಿದರು. ನಾನು ಎಷ್ಟೋ ಸಲ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಕೂತಿದ್ದೆ.

ಆ ಬಂಡೆ ಮೇಲೆ ಬಿಳಿ ಬಿಳಿ ಪುಡಿ ಹರಡಿತ್ತು. ಸುಣ್ಣ ಚೆಲ್ಲಿದ ಹಾಗೆ. ಬಗ್ಗಿ ನೋಡಿದರೆ ಮೀನಿನ ಹುರುಪೆ, ಸಾವಿರಾರು, ಬಿಸಿಲಿಗೆ ಒಣಗಿ ಉಗುರಿನ ಚೂರಿನ ಹಾಗೆ ಮುದುಡಿದ್ದವು. ಅದರ ಪಕ್ಕದಲ್ಲೇ ಹಸಿ ಹಿಕ್ಕೆ, ಕಪ್ಪು ಹಸಿರು ಬಣ್ಣ, ಲೋಳೆ ಲೋಳೆ. ತಾತ ಜಾಲಿ ಕಡ್ಡಿ ಮುರಿದು ಅದನ್ನು ಬಿಡಿಸಿದರು. ಒಳಗೆ ಸೂಜಿಯಂಥ ಮುಳ್ಳುಗಳು, ಏಡಿ ಚಿಪ್ಪಿನ ಎರಡು ಕೆಂಪು ಚೂರು, ಇನ್ನೊಂದು ಕಡೆ ಸಣ್ಣ ದವಡೆ ಮೂಳೆ, ಅದರಲ್ಲಿ ಸಾಲಾಗಿ ಹಲ್ಲು. "ಕೊರವ" ಅಂದರು ತಾತ. ಹಲ್ಲು ನೋಡಿಯೇ ಮೀನು ಹೇಳಿದರು. ವಾಸನೆ ಮಾತ್ರ ಜೋರು, ಹಳೇ ಮೀನಿನದು. ನಾಯಿ ಹೇಲಿನ ನಾತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಒಮ್ಮೆ ಮೂಗಿಗೆ ಕೂತರೆ ಕತ್ತಲಲ್ಲೂ ಗೊತ್ತಾಗುತ್ತದೆ.

ನೀರುನಾಯಿ ಕುಟುಂಬ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಎಲ್ಲಾ ಸೇರಿ ಹಿಕ್ಕೆ ಹಾಕುತ್ತದೆ. ಇದು ಬರೀ ಕಕ್ಕಸು ಅಲ್ಲ. ಯಾರು ಬಂದರು, ಯಾರ ಜಾಗ ಇದು ಅನ್ನುವುದನ್ನು ವಾಸನೆಯಲ್ಲೇ ಬರೆದಿಡುವ ಕಟ್ಟೆ. ಆ ಕಟ್ಟೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಇನ್ನರ್ಧ ಹೆಜ್ಜೆ ಗುರುತು. ಮರಳ ದಿಣ್ಣೆ ಮೇಲೆ ಬೆಳಗ್ಗೆ ಎಳೆ ಬಿಸಿಲು ಓರೆಯಾಗಿ ಬೀಳುವಾಗ ನೋಡಬೇಕು, ಹತ್ತು ಗಂಟೆ ಮೇಲೆ ಏನೂ ತಿಳಿಯುವುದಿಲ್ಲ. ನಾಯಿಗೆ ನಾಲ್ಕು ಬೆರಳು ಮೂಡುತ್ತವೆ, ನೀರುನಾಯಿಗೆ ಐದು. ಬೆರಳ ನಡುವೆ ಬಾತುಕೋಳಿಗೆ ಇರುವಂತೆ ಚರ್ಮ ಇರುತ್ತದಲ್ಲ, ಹಸಿ ಮಣ್ಣಾದರೆ ಅದೂ ಅಚ್ಚಾಗುತ್ತದೆ. ಹಿಂದೆ ಬಾಲ ಎಳೆದ ಗೆರೆ. ಪಕ್ಕದಲ್ಲಿ ಮರಳು ಕಲಕಿದ್ದರೆ ಅಲ್ಲಿ ಹೊರಳಾಡಿ ಮೈ ಒಣಗಿಸಿಕೊಂಡಿವೆ ಅಂತ ಅರ್ಥ. ಅವುಗಳಿಗೆ ತಿಮಿಂಗಿಲದ ಹಾಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ ಇಲ್ಲ. ಒತ್ತಾದ ತುಪ್ಪಟವೇ ಬೆಚ್ಚಗಿಡುವುದು. ಅದಕ್ಕೇ ಮೈ ಒಣಗಿಸಿಕೊಂಡು ಚೊಕ್ಕ ಮಾಡಿಕೊಳ್ಳುವುದರಲ್ಲೇ ಎಷ್ಟೋ ಹೊತ್ತು ಕಳೆಯುತ್ತವೆ.

ಅಲ್ಲಿಂದ ನಾನು ಬೈನಾಕ್ಯುಲರ್ ಚೀಲದಲ್ಲಿಟ್ಟು ನೆಲ ನೋಡುತ್ತಾ ನಡೆಯಲು ಕಲಿತೆ. ಸುಮಾರು ಮೂರು ಕಿಲೋಮೀಟರ್ ದಂಡೆ ಗೊತ್ತು ಮಾಡಿಕೊಂಡೆ, ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ. ಅಂಗಡಿಯ ಹಳೇ ಉದ್ರಿ ಪುಸ್ತಕದಲ್ಲೇ ಬರೆಯುತ್ತೇನೆ: ತಾರೀಖು, ಬಂಡೆ ನಂಬರ್, ಹಿಕ್ಕೆ ಹಸಿನಾ ಒಣಾನಾ, ಒಳಗೆ ಏನಿತ್ತು, ಹೆಜ್ಜೆಯ ಅಗಲ. ಕೈಗೆ ಗ್ಲೌಸ್ ಹಾಕದೆ ಮುಟ್ಟುವುದಿಲ್ಲ. ಜುಲೈ, ಆಗಸ್ಟಲ್ಲಿ ಡ್ಯಾಂ ಗೇಟ್ ತೆಗೆದರೆ ಬಂಡೆಗಳೆಲ್ಲಾ ಮುಳುಗಿ ಗುರುತೆಲ್ಲಾ ತೊಳೆದು ಹೋಗುತ್ತದೆ, ಆಗ ಪುಸ್ತಕಕ್ಕೆ ರಜೆ. ಡಿಸೆಂಬರ್‌ನಿಂದ ಮೇವರೆಗೆ ಸರಿಯಾದ ಕಾಲ.

ಹೊಳೆಯಲ್ಲಿ ಎಷ್ಟು ಇವೆ ಅಂತ ಎಲ್ಲರೂ ಕೇಳುತ್ತಾರೆ. ಹುಲಿಗೆ ಪಟ್ಟೆ ಇದೆ, ಒಂದೊಂದನ್ನೂ ಗುರುತಿಸಬಹುದು. ಇವಕ್ಕೆ ಮೈತುಂಬ ಒಂದೇ ಕಂದು ಬಣ್ಣ. ಬೆಳಗ್ಗೆ ಇಲ್ಲಿ ನೋಡಿದ ಐದು, ಮಧ್ಯಾಹ್ನ ಎರಡು ಕಿಲೋಮೀಟರ್ ಕೆಳಗೆ ಕಂಡ ಐದು ಒಂದೇ ಗುಂಪಾ? ಹೇಳಲು ಬರುವುದಿಲ್ಲ. ಅದಕ್ಕೆ ನಾನು ಲೆಕ್ಕ ಹೇಳುವುದಿಲ್ಲ. ಯಾವ ಕಟ್ಟೆ ಜೀವಂತ ಇದೆ, ಯಾವುದು ಬಿಟ್ಟು ಹೋಗಿವೆ, ಅಷ್ಟು ಮಾತ್ರ ಹೇಳುತ್ತೇನೆ. ಅದೇ ಜಾಸ್ತಿ ಉಪಯೋಗ ಅಂತ ನನ್ನ ನಂಬಿಕೆ.

ನಮ್ಮ ಹೊಳೆಯದು ನುಣುಪು ತುಪ್ಪಟದ ನೀರುನಾಯಿ. ಏಳರಿಂದ ಹನ್ನೊಂದು ಕೆಜಿ ತೂಗುತ್ತದೆ, ಬಾಲದ ತುದಿ ಚಪ್ಪಟೆ. ಮಲೆನಾಡಿನ ತೊರೆಗಳಲ್ಲಿ, ಕಾಫಿ ತೋಟದ ಹಳ್ಳಗಳಲ್ಲಿ ಇರುವುದು ಬೇರೆ, ಗಿಡ್ಡ ಉಗುರಿನದು. ಮೂರು, ನಾಲ್ಕು ಕೆಜಿಯ ಪುಟ್ಟ ಜೀವ, ಏಡಿ ಅಂದರೆ ಪ್ರಾಣ. ಚಿಕ್ಕಮಗಳೂರಿನ ನೆಂಟರ ತೋಟದಲ್ಲಿ ಅದರ ಹಿಕ್ಕೆ ನೋಡಿದ್ದೆ, ಪೂರ್ತಿ ಏಡಿ ಚಿಪ್ಪು, ಹುರುಪೆಯೇ ಇರಲಿಲ್ಲ.

ಮೀನೆಲ್ಲಾ ಇವೇ ತಿಂದು ಮುಗಿಸುತ್ತವೆ ಅನ್ನುವುದು ಮೀನುಗಾರರ ದೂರು. ಒಂದು ನೀರುನಾಯಿ ದಿನಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ತಿನ್ನುತ್ತದೆ, ಸುಳ್ಳಲ್ಲ. ಆದರೆ ನನ್ನ ಪುಸ್ತಕದಲ್ಲಿ ಜಾಸ್ತಿ ಬರೆದಿರುವುದು ಜಿಲೇಬಿ ಮೀನಿನ ಹುರುಪೆ. ಅದು ಆಫ್ರಿಕಾದಿಂದ ಬಂದು ನಮ್ಮ ಕೆರೆ ಹೊಳೆ ತುಂಬಿಕೊಂಡಿರುವ ಮೀನು. ಬಲೆ ಹರಿಯುವುದು ಮಾತ್ರ ನಿಜವಾದ ನಷ್ಟ, ಅದನ್ನು ಇಲ್ಲ ಅನ್ನಬಾರದು. ಸಿಕ್ಕಿಬಿದ್ದ ಮೀನು ಕಂಡರೆ ಬಲೆ ಕಚ್ಚಿ ಹರಿದು ಒಯ್ಯುತ್ತವೆ. ತಾತನ ಬಲೆಯನ್ನು ಒಂದೇ ವಾರದಲ್ಲಿ ಎರಡು ಸಲ ಹರಿದವು. ಇವು ಹಗಲು ಬೇಟೆಯಾಡುವುದೇ ಜಾಸ್ತಿ ಅಂತ ನೋಡಿ ನೋಡಿ ತಿಳಿದಿದ್ದೆವು, ಹಾಗಾಗಿ ಬೆಳಕು ಹರಿಯುವ ಮುಂಚೆ ಬಲೆ ಎತ್ತಿ ನೋಡೋಣ ಅಂತ ಮಾತಾಡಿಕೊಂಡೆವು. ಹರಿಯುವುದು ಪೂರ್ತಿ ನಿಲ್ಲಲಿಲ್ಲ, ಆದರೆ ತುಂಬಾ ಕಡಿಮೆ ಆಯಿತು. ಬಾಂಗ್ಲಾದೇಶದಲ್ಲಿ ಕೆಲವು ಮೀನುಗಾರರು ಇದೇ ಜಾತಿಯ ನೀರುನಾಯಿಯನ್ನು ಹಗ್ಗ ಕಟ್ಟಿ ಪಳಗಿಸಿ, ಮೀನನ್ನು ಬಲೆಗೆ ಅಟ್ಟಿಸುತ್ತಾರೆ. ತಾತನಿಗೆ ವಿಡಿಯೋ ತೋರಿಸಿದೆ. ಮೂರು ಸಲ ಹಾಕಿಸಿ ನೋಡಿದರು.

ಈಗ ನನ್ನ ತಪ್ಪಿನ ಮಾತು. ಎರಡನೇ ವರ್ಷ ಜನವರಿ. ಒಂದು ದೊಡ್ಡ ಗುಂಡುಕಲ್ಲಿನ ಸಂದಿಯಿಂದ ಚಿಕ್ಕ ಚಿಕ್ಕ ಕೂಗು ಕೇಳಿತು, ಹಕ್ಕಿಮರಿ ಕೂಗಿದ ಹಾಗೆ. ಮರಿ ಇವೆ ಅಂತ ಗೊತ್ತಾಯಿತು. ಸುಮ್ನೆ ಹಿಂದೆ ಬರಬೇಕಿತ್ತು. ಫೋಟೋ ಆಸೆಗೆ ಹದಿನೈದು ಅಡಿಯಷ್ಟು ಹತ್ತಿರ ಹೋಗಿ ಕೂತೆ. ತಾಯಿ ನೀರಿನಿಂದ ಕುತ್ತಿಗೆ ಎತ್ತಿ ನೋಡಿತು. ಮೂಗಿನಿಂದ "ಹಾಹ್" ಅಂತ ಗಾಳಿ ಬಿಟ್ಟಿತು. ಒಂದು ನಿಮಿಷ ಮುಳುಗಿತು. ಆಮೇಲೆ ಸಂದಿಗೆ ಹೋಗಿ ಒಂದು ಮರಿಯ ಕತ್ತಿನ ಚರ್ಮ ಕಚ್ಚಿಕೊಂಡು ಹೊರಗೆ ಬಂತು. ಮರಿ ಬೂದು ಬಣ್ಣ, ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಕಾಲು ಇಳಿಬಿಟ್ಟುಕೊಂಡು ಅಲ್ಲಾಡದೆ ತೂಗುತ್ತಿತ್ತು. ತಾಯಿ ಅದನ್ನು ನೀರ ಮೇಲೆ ಎತ್ತಿ ಹಿಡಿದುಕೊಂಡು, ಸೆಳವಿಗೆ ಎದುರಾಗಿ ಈಜಿ ಆಚೆ ದಡಕ್ಕೆ ಹೋಯಿತು. ಮತ್ತೆ ಬಂತು. ಮೂರು ಸಲ ಹೊಳೆ ದಾಟಿತು, ಮೂರು ಮರಿ. ಹೊಳೆಯಲ್ಲಿ ಮೊಸಳೆ ಇವೆ, ಮೇಲೆ ಹದ್ದು ಸುತ್ತುತ್ತಿತ್ತು. ನಾನು ಎದ್ದರೆ ಇನ್ನೂ ಹೆದರುತ್ತದೆ ಅಂತ ಕೈ ನಡುಗುತ್ತಾ ಅಲ್ಲೇ ಕೂತಿದ್ದೆ. ಫೋಟೋ ತೆಗೆಯಲಿಲ್ಲ. ಆ ಸಂದಿಗೆ ಅವು ಮುಂದಿನ ಎರಡು ವರ್ಷ ಬರಲಿಲ್ಲ, ಪುಸ್ತಕದಲ್ಲಿ ಆ ಬಂಡೆಯ ಮುಂದೆ ಖಾಲಿ ಇದೆ. ಈಗ ಮರಿ ಕೂಗು ಕೇಳಿದರೆ ನೂರು ಹೆಜ್ಜೆ ಹಿಂದೆ ಬರುತ್ತೇನೆ, ಒಂದು ತಿಂಗಳು ಆ ಕಡೆ ಹಾಯುವುದಿಲ್ಲ. ಯಾರಾದರೂ ದಡದಲ್ಲಿ ಮರಿ ಒಂದೇ ಇದೆ ಅಂತ ಎತ್ತಿಕೊಂಡು ಬರಬೇಡಿ. ತಾಯಿ ಅಲ್ಲೇ ನೀರಲ್ಲಿ ಇರುತ್ತದೆ, ನೀವು ಹೋಗುವುದನ್ನೇ ಕಾಯುತ್ತಿರುತ್ತದೆ.

ಕಚ್ಚುತ್ತಾ ಅಂದರೆ, ಮರಿ ಹತ್ತಿರ ಹೋದರೆ ಕಚ್ಚುತ್ತದೆ, ಬಲೆಯಿಂದ ಬಿಡಿಸಲು ಹೋದರೂ ಕಚ್ಚುತ್ತದೆ. ಮುಳ್ಳು ಜಗಿಯುವ ಹಲ್ಲು ಅದು. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಕೇಳಿ. ಸಾಕುವುದಂತೂ ಬೇಡ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಜಪಾನಿನಲ್ಲಿ ನೀರುನಾಯಿ ಕೆಫೆ ಶುರುವಾಗಿ, ಮರಿಗಳ ಕಳ್ಳಸಾಗಣೆ ಜೋರಾಗಿ, ಕೊನೆಗೆ 2019ರಲ್ಲಿ ನಮ್ಮಲ್ಲಿರುವ ಈ ಎರಡೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಬೇಕಾಯಿತು. ಫೆರೆಟ್ ಸಾಕುತ್ತಾರಲ್ಲ ಅಂತ ಅಮೆರಿಕದಲ್ಲಿರುವ ಅಣ್ಣನ ಮಗ ವಾದ ಮಾಡಿದ. ಫೆರೆಟ್ ಬೇರೆ ಮಾತು. ಅದು ಯುರೋಪಿನ ಪೋಲ್‌ಕ್ಯಾಟ್‌ನಿಂದ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಪಳಗಿದ ಪ್ರಾಣಿ, ಬಿಲದಿಂದ ಮೊಲ ಓಡಿಸಲು ಸಾಕುತ್ತಿದ್ದರು. ಅದನ್ನೂ ಕ್ಯಾಲಿಫೋರ್ನಿಯಾದಲ್ಲಿ ಸಾಕುವ ಹಾಗಿಲ್ಲ.

ತರಕರಡಿ ಬಗ್ಗೆಯೂ ಕೇಳುತ್ತಾರೆ, ಗೋರಿ ಅಗೆಯುತ್ತದೆ ಅಂತ ಹಿರಿಯರು ಹೇಳಿದ ಕಥೆ ಹಿಡಿದುಕೊಂಡು. ಬೆನ್ನು ಬೂದಿ ಬಿಳಿ, ಹೊಟ್ಟೆ ಕಪ್ಪು, ಮುಂಗಾಲಲ್ಲಿ ಉದ್ದ ಉಗುರು, ಚರ್ಮ ಎಷ್ಟು ಸಡಿಲ ಅಂದರೆ ಹಿಡಿದವರ ಕಡೆಗೇ ತಿರುಗಿ ಕಚ್ಚುತ್ತದೆ. ಜೇನು, ಇಲಿ, ಹಾವು ಎಲ್ಲಾ ತಿನ್ನುತ್ತದೆ. ರಾತ್ರಿ ತಿರುಗುವ ಪ್ರಾಣಿ. ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕಿದೆ. ನಾನು ಕಣ್ಣಾರೆ ನೋಡಿಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಚೈನ್ ಕಡಿದು ಕೊಚ್ಚಿ ಹೋಯಿತಲ್ಲ, ಆಗ ಇಲ್ಲಿ ಎಲ್ಲರಿಗೂ ಎರಡನೇ ಬೆಳೆಯ ಚಿಂತೆ. ನನಗೆ ಅದರ ಜೊತೆ ಇದೂ ಒಂದು. ಹೊಳೆ ಎರಡೂ ದಂಡೆ ತುಂಬಿ ಹೋಗುತ್ತಿತ್ತು, ನನ್ನ ಬಂಡೆ ಒಂದೂ ಕಾಣುತ್ತಿರಲಿಲ್ಲ. ನೀರು ಇಳಿದ ಮೇಲೂ ವಾರಗಟ್ಟಲೆ ಗುರುತಿಲ್ಲ, ಬರೀ ಕೆಸರು. ನವೆಂಬರ್ ಎರಡನೇ ಭಾನುವಾರ ತಾತ ಫೋನ್ ಮಾಡಿ, "ಹಸೀದು ಬಿದ್ದೈತಿ, ಬರ್ರಿ" ಅಂದರು. ಅಂಗಡಿ ಬೀಗದ ಕೈ ಹುಡುಗನ ಕೈಗೆ ಕೊಟ್ಟು ಓಡಿದೆ. ಹಳೇ ಕಟ್ಟೆಯ ಮೇಲೇ, ಹಸಿಯಾಗಿ, ಮೂರು ಗುಡ್ಡೆ.

ನೆರೆಗಿಂತ ನನಗೆ ತೋಟೆಯ, ಅಂದರೆ ಸಿಡಿಮದ್ದಿನ ಭಯ ಜಾಸ್ತಿ. ನೀರಿಗೆ ತೋಟೆ ಹಾಕಿ ಮೀನು ಹಿಡಿಯುವವರಿದ್ದಾರೆ. ಅದರಲ್ಲಿ ಮೀನು, ಮರಿಮೀನು, ಆಮೆ, ಸುತ್ತಲಿದ್ದದ್ದೆಲ್ಲಾ ಹೋಗುತ್ತದೆ. ಸದ್ದು ಕೇಳಿದರೆ ಎದುರು ಹೋಗಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ ಜಾಗ, ಹೊತ್ತು ಹೇಳಿ. ಇನ್ನೊಂದು ನನ್ನ ಅಂಗಡಿಯದೇ ವಿಷಯ. ನಾನು ಮಾರುವ ಔಷಧಿಯ ಡಬ್ಬಿ ಕಾಲುವೆಯಲ್ಲಿ ತೊಳೆದರೆ ಅದು ಹೊಳೆ ಸೇರುತ್ತದೆ, ಮೀನಿಗೆ ಹೋಗುತ್ತದೆ, ಮೀನು ತಿಂದವರಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಬಾಟಲಿ ಕೊಡುವಾಗಲೂ ಹೇಳುತ್ತೇನೆ: ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಹೊಡೆಯುವ ಟ್ಯಾಂಕಿಗೇ ಹಾಕಿ, ಡಬ್ಬಿ ನನಗೆ ವಾಪಸ್ ತನ್ನಿ. ಕೆಲವರು ತರುತ್ತಾರೆ. ತರದವರಿಗೆ ಮತ್ತೆ ಹೇಳುತ್ತೇನೆ.

ನೋಡಬೇಕು ಅನ್ನುವವರು ಚಳಿಗಾಲದಲ್ಲಿ ಬನ್ನಿ. ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ. ಬಂಡೆ ಇರಬೇಕು, ಮಡು ಇರಬೇಕು, ಜನ ಕಡಿಮೆ ಇರಬೇಕು, ಅಂಥ ಜಾಗ ನೋಡಿ. ನೀರಿಗೆ ಇಳಿಯಬೇಡಿ, ಮೊಸಳೆ ಇವೆ. ನೀರ ಮೇಲೆ ನಾಲ್ಕೈದು ತಲೆ ಸಾಲಾಗಿ ಬಂದರೆ ಮೀನು ಅಟ್ಟುತ್ತಿವೆ ಅಂತ ಅರ್ಥ, ಆಗ ಏಳಬೇಡಿ. ಬಂಡೆ ಮೇಲೆ ಬಿಳಿ ಹುರುಪೆ ಕಂಡರೆ ತುಳಿಯದೆ ದಾಟಿ, ದೂರ ಹೋಗಿ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ಕೂತುಕೊಳ್ಳಿ.