ಸಸಿಯ ಎತ್ತರ ಬಿಡಿ, ಕಾಂಡ ಹಿಡಿದು ನೋಡಿ

"ಎರಡೇ ತಿಂಗಳಿಗೆ ಮೊಣಕಾಲೆತ್ತರ ಬಂತು" ಅಂತ ಯಾರಾದರೂ ಸಸಿ ತೋರಿಸಿದರೆ ನಾನು ಮೊದಲು ಅದರ ಕಾಂಡ ಹಿಡಿದು ನೋಡುತ್ತೇನೆ. ಬಳ್ಳಿಯ ಹಾಗೆ ತೊನೆದಾಡುತ್ತಿದ್ದರೆ, ಎಲೆಯಿಂದ ಎಲೆಗೆ ಅಂತರ ಹೆಚ್ಚಿದ್ದರೆ, ಬಣ್ಣ ಮಾಸಿದ್ದರೆ, ಆ ಸಸಿ ಬೆಳಕಿಗಾಗಿ ಪರದಾಡಿದೆ ಅಂತಲೇ ಅರ್ಥ. ಸಿಕ್ಕ ಆಹಾರವನ್ನೆಲ್ಲ ಮೇಲೇರುವುದಕ್ಕೇ ಸುರಿದಿರುತ್ತದೆ, ಬೇರಿಗೆ ಉಳಿಸಿರುವುದು ಕಡಿಮೆ.

ನೆರಳು ಅಂದರೆ ಎಲ್ಲವೂ ಒಂದೇ ಅಲ್ಲ. ಮರದ ಎಲೆಗಳು ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಹೆಚ್ಚೂಕಡಿಮೆ ಕಾಣದ ದೂರಗೆಂಪು ಬೆಳಕನ್ನು ಕೆಳಕ್ಕೆ ಬಿಡುತ್ತವೆ. ಸಸಿಗೆ ಅದು ತಿಳಿಯುತ್ತದೆ! ಮೇಲೆ ಬೇರೆ ಗಿಡ ಕವಿದಿದೆ ಅಂತ ಅರಿತು ಎತ್ತರಕ್ಕೆ ಎಳೆಯುತ್ತದೆ. ಹಾಗಾಗಿ ದಟ್ಟ ಮರದ ಬುಡಕ್ಕಿಂತ ಶೇಡ್ ನೆಟ್ ಅಡಿಯೇ ವಾಸಿ. ಮೊಳಕೆಯ ದಿನಗಳಿಗೆ ಶೇಕಡಾ 50ರ ನೆಟ್, ಅಂದರೆ ಅರ್ಧದಷ್ಟು ಬೆಳಕು ತಡೆಯುವಂಥದ್ದು, ಸಾಮಾನ್ಯವಾಗಿ ಸಾಕು.

ಮಾವು, ಹಲಸಿನಂಥ ದೊಡ್ಡ ಬೀಜದ ಸಸಿಗಳು ಮೊದಲ ಕೆಲವು ವಾರ ಬೀಜದೊಳಗಿನ ಬುತ್ತಿಯಲ್ಲೇ ಬದುಕುತ್ತವೆ, ನೆರಳಲ್ಲೂ ಚೆನ್ನಾಗೇ ಕಾಣುತ್ತವೆ. ಆ ಬುತ್ತಿ ಮುಗಿದ ಮೇಲೆ ಬೆಳಕಿನ ಕೊರತೆ ಗೊತ್ತಾಗುತ್ತದೆ. ತೇಗ, ಗಾಳಿ ಮರ ಬಿಸಿಲಿನ ಮಕ್ಕಳು, ಬೇಗ ಹೊರಗಿಡಿ. ಕೋಕೋ, ಜಾಯಿಕಾಯಿ, ಮ್ಯಾಂಗೋಸ್ಟೀನ್ ಸಸಿಗಳನ್ನು ಮಾತ್ರ ಅವಸರಪಡಿಸಬೇಡಿ, ನೆಲಕ್ಕೆ ಹೋದ ಮೇಲೂ ಅವಕ್ಕೆ ಒಂದಷ್ಟು ವರ್ಷ ನೆರಳಿನ ಆಸರೆ ಬೇಕು.

ಎಲ್ಲಕ್ಕಿಂತ ಹೆಚ್ಚು ಸಸಿ ಹೋಗುವುದು ನೆರಳಿನಿಂದ ಬಿಸಿಲಿಗೆ ದಾಟಿಸುವಾಗ. ಹಿಂದೊಮ್ಮೆ ನಾನೂ ಈ ತಪ್ಪು ಮಾಡಿದೆ. ನೆರಳಲ್ಲಿ ಸೊಂಪಾಗಿ ಬಂದಿದ್ದ ನೇರಳೆ ಸಸಿಗಳನ್ನು ಒಂದೇ ಬೆಳಿಗ್ಗೆ ಅಂಗಳಕ್ಕೆ ತಂದಿಟ್ಟೆ. ಮೂರನೇ ದಿನಕ್ಕೆ ಎಲೆಗಳ ಮೇಲೆ ಸುಣ್ಣ ಬಿದ್ದ ಹಾಗೆ ಬಿಳಿ ಮಚ್ಚೆ, ಆಮೇಲೆ ಅವು ಕಂದಾಗಿ ಕಾಗದದ ಹಾಗೆ ಒಣಗಿದವು. ನೀರು ಸಾಲಲಿಲ್ಲ ಅಂದುಕೊಂಡು ಮತ್ತಷ್ಟು ಸುರಿದೆ, ಅದರಿಂದ ಏನೂ ಆಗಲಿಲ್ಲ. ನೆರಳಲ್ಲಿ ಹುಟ್ಟಿದ ಎಲೆ ಅಗಲ, ಆದರೆ ತೆಳು. ಅದೇ ಎಲೆ ಆಮೇಲೆ ದಪ್ಪಗಾಗುವುದಿಲ್ಲ, ಬಿಸಿಲು ತಡೆಯುವ ಎಲೆ ಹೊಸ ಚಿಗುರಲ್ಲೇ ಬರಬೇಕು. ಅದಕ್ಕೆ ಸಮಯ ಕೊಡಬೇಕು.

ಈಗ ನಾನು ಮಾಡುವುದು ಹೀಗೆ. ಮೊದಲ ನಾಲ್ಕೈದು ದಿನ ಬೆಳಗಿನ ಒಂದೆರಡು ಗಂಟೆ ಬಿಸಿಲು, ಆಮೇಲೆ ಮತ್ತೆ ನೆರಳು. ನಂತರ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಎರಡು ಮೂರು ವಾರಕ್ಕೆ ಪೂರ್ತಿ ಬಿಸಿಲು. ಮೋಡದ ದಿನ ಶುರು ಮಾಡಿದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಪಾಲಿಥೀನ್ ಚೀಲ ಕಾದು ಬೇರು ಬೇಯುತ್ತದೆ. ಚೀಲಗಳನ್ನು ಒತ್ತೊತ್ತಾಗಿ ಇಟ್ಟು, ಬಿಸಿಲು ತಾಗುವ ಅಂಚಿನ ಸಾಲಿಗೆ ಮಣ್ಣು ಏರಿಸಿ. ಕಿಟಕಿ ಬಳಿ ಬೆಳೆಸುವವರು ಎರಡು ದಿನಕ್ಕೊಮ್ಮೆ ಕುಂಡ ತಿರುಗಿಸಿ, ಇಲ್ಲವಾದರೆ ಕಾಂಡ ಒಂದೇ ಕಡೆ ವಾಲುತ್ತದೆ. ನೆರಳಲ್ಲಿರುವ ಸಸಿಗೆ ನೀರು ಕಡಿಮೆ ಸಾಕು. ಅಲ್ಲಿ ಮಣ್ಣು ಸದಾ ಹಸಿಯಾಗಿದ್ದರೆ ಬುಡ ಕೊಳೆತು ಎಳೆ ಸಸಿ ಮಲಗಿಬಿಡುತ್ತದೆ.

ಬಿಸಿಲಿಗೆ ಎಲೆ ಸುಟ್ಟರೂ ಕೀಳಬೇಡಿ. ಅರ್ಧ ಹಸಿರು ಉಳಿದಿದ್ದರೂ ಹೊಸ ಕುಡಿಗೆ ಅದೇ ಆಹಾರ ಕೊಡುತ್ತದೆ. ಸಸಿಯನ್ನು ಮತ್ತೆ ನೆರಳಿಗೆ ಸರಿಸಿ ಕಾಯಿರಿ. ನನ್ನ ನೇರಳೆ ಸಸಿಗಳಲ್ಲಿ ತಿಂಗಳೊಳಗೆ ಚಿಗುರಿದವು ನಾನು ಎಲೆ ಕೀಳದೆ ಬಿಟ್ಟವೇ.